ಯೋನನನ್ನು ನುಂಗುವ ಮೀನು, ಮರ ಹತ್ತುವ ಜಕ್ಕಾಯ: ಸಂಡೇ ಸ್ಕೂಲ್ ಮಕ್ಕಳಿಗೆ ಕಾಗದದ ಕೆಲಸ

ಮಾರ್ಚ್ ಮುಗಿಯುವ ಹೊತ್ತಿಗೆ ನನಗೆ ಬರುವ ಪ್ರಶ್ನೆ ಒಂದೇ. "ಅಕ್ಕ, ವಿ.ಬಿ.ಎಸ್. ಹತ್ತಿರ ಬಂತು, ಕ್ರಾಫ್ಟ್ ಏನು ಮಾಡಿಸೋದು? ಖರ್ಚು ಜಾಸ್ತಿ ಆಗಬಾರದು, ಮಕ್ಕಳಿಗೆ ಕಷ್ಟ ಆಗಬಾರದು." ವಿ.ಬಿ.ಎಸ್. ಅಂದರೆ ಬೇಸಿಗೆ ರಜೆಯಲ್ಲಿ ಚರ್ಚ್‌ಗಳಲ್ಲಿ ಕೆಲವು ದಿನ ನಡೆಯುವ ಮಕ್ಕಳ ಬೈಬಲ್ ಶಾಲೆ. ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಸುಮಾರು ಕಡೆ ಟೀಚರ್ ಕಥೆ ಹೇಳಿ ಮುಗಿಸುತ್ತಾರೆ, ಆಮೇಲೆ ಮಕ್ಕಳ ಕೈಗೆ ಕುರಿಯ ಚಿತ್ರ ಕೊಟ್ಟು ಅದಕ್ಕೆ ಹತ್ತಿ ಅಂಟಿಸಿ ಅನ್ನುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ. ಆದರೆ ಮಗು ಮನೆಗೆ ಹೋದ ಮೇಲೆ ಅಜ್ಜಿ "ಇವತ್ತೇನು ಹೇಳಿಕೊಟ್ರು?" ಅಂದರೆ "ಹತ್ತಿ ಅಂಟಿಸಿದ್ವಿ" ಅನ್ನುತ್ತದೆ. ಕಥೆ ಎಲ್ಲಿ ಹೋಯಿತು? ಅದಕ್ಕೆ ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟೇ: ಕಥೆ ಎಲ್ಲಿ ತಿರುಗುತ್ತದೋ ಅಲ್ಲಿ ಕಾಗದವೂ ಅಲ್ಲಾಡಬೇಕು. ಯೋನನನ್ನು ಮೀನು ನುಂಗುವಾಗ ಕೈಯಲ್ಲಿರುವ ಮೀನೂ ನುಂಗಬೇಕು. ಜಕ್ಕಾಯ ಇಳಿಯುವಾಗ ಕಾಗದದ ಜಕ್ಕಾಯನೂ ಇಳಿಯಬೇಕು. ಅದನ್ನು ಆಡಿಸಿ ತೋರಿಸಬೇಕಾದರೆ ಮಗು ಕಥೆ ಹೇಳಲೇಬೇಕಾಗುತ್ತದೆ, ಅಲ್ವಾ?

ಏನೇನು ಬೇಕು

ದೊಡ್ಡ ಪಟ್ಟಿ ಬೇಡ. ಕತ್ತರಿ, ಸ್ಕೇಲು, ಪೆನ್ಸಿಲ್, ಕ್ರೇಯಾನ್, ಅಂಟು, ದಾರ, ಸೆಲ್ಲೋ ಟೇಪ್. ಯೋಚನೆ ಮಾಡಬೇಕಾದ್ದು ಕಾಗದದ ಬಗ್ಗೆ ಮಾತ್ರ.

ಅಂಗಡಿಯಲ್ಲಿ ಕಾಗದ ಕೇಳಿದರೆ "ಎಷ್ಟು ಜಿ.ಎಸ್.ಎಂ.?" ಅನ್ನುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ ಅದು. ಜೆರಾಕ್ಸ್ ಹಾಳೆ 70–80 ಇರುತ್ತದೆ. ಮಡಚುವ ಕೆಲಸಕ್ಕೆ ಅದು ಸಾಕು, ಎಳೆಯುವ, ಸರಿಸುವ ಕೆಲಸಕ್ಕೆ ಸಾಲದು, ಬಳುಕುತ್ತದೆ. ಅದಕ್ಕೆ 200ರ ಆಸುಪಾಸಿನ ದಪ್ಪ ಹಾಳೆ ಬೇಕು. ದುಡ್ಡು ಕೊಟ್ಟು ತರುವ ಮೊದಲು ಮನೆಯ ಕಪಾಟು ನೋಡಿ. ಹಳೆ ಮದುವೆ ಕಾರ್ಡ್, ಗೋಡೆ ಕ್ಯಾಲೆಂಡರ್, ಬಿಸ್ಕತ್ತಿನ ಡಬ್ಬಿ, ಹೊಸ ಶರ್ಟಿನೊಳಗೆ ಬರುವ ರಟ್ಟು, ಎಲ್ಲವೂ ಆಗುತ್ತದೆ. ಜನವರಿಯಲ್ಲಿ ಚರ್ಚ್ ಸಭೆಯವರಿಗೆ ಒಂದು ಮಾತು ಹೇಳಿಟ್ಟರೆ ಹಳೆ ಕ್ಯಾಲೆಂಡರ್‌ಗಳೇ ರಾಶಿ ಬೀಳುತ್ತವೆ.

ಅಂಟಿನ ವಿಷಯಕ್ಕೆ ಬಂದರೆ ಫೆವಿಕಾಲ್ ಗಟ್ಟಿ, ಆದರೆ ನೀರಿನಂಶ ಇರುವುದರಿಂದ ತೆಳು ಕಾಗದ ಸುಕ್ಕಾಗುತ್ತದೆ, ಒಣಗೋಕೂ ಹೊತ್ತು ಬೇಕು. ಜುಲೈನಲ್ಲಿ ಕರಾವಳಿ ಕಡೆ ಒಂದು ತರಗತಿಗೆ ಹೋಗಿದ್ದಾಗ ಮಕ್ಕಳು ಮನೆಗೆ ಹೊರಟರೂ ಮೀನುಗಳು ಒಣಗಿರಲಿಲ್ಲ, ಚೀಲದಲ್ಲಿ ಒಂದಕ್ಕೊಂದು ಅಂಟಿಕೊಂಡು ಹೋದವು. ಚಿಕ್ಕ ಮಕ್ಕಳಿಗೆ ಗ್ಲೂ ಸ್ಟಿಕ್ ಕೊಡಿ. ಫೆವಿಕಾಲೇ ಇರುವುದಾದರೆ ಹಳೆ ಮುಚ್ಚಳದಲ್ಲಿ ಒಂದೊಂದು ಹನಿ ಹಾಕಿ, ಹಚ್ಚೋಕೆ ಬೆಂಕಿಕಡ್ಡಿಯ ಬದಲು ಹಂಚಿಕಡ್ಡಿ ಕೊಡಿ. ಬಾಟಲಿ ಮಾತ್ರ ಕೈಗೆ ಕೊಡಬೇಡಿ.

ಇನ್ನೊಂದು ಉಪಾಯ. ದಪ್ಪ ಹಾಳೆಯನ್ನು ಸೀದಾ ಮಡಚಿದರೆ ಮಡಿಕೆ ಸೊಟ್ಟಗಾಗುತ್ತದೆ, ಬಣ್ಣ ಸೀಳುತ್ತದೆ. ಮಡಚುವ ಜಾಗದಲ್ಲಿ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಒಂದು ಗೀರು ಎಳೆಯಿರಿ. ಆಮೇಲೆ ಮಡಚಿದರೆ ತಾನೇ ನೆಟ್ಟಗೆ ಬರುತ್ತದೆ. ಕೆಳಗೆ ಎಲ್ಲೆಲ್ಲಿ "ಗೀರು ಹಾಕಿ" ಅಂದಿದ್ದೇನೋ ಅಲ್ಲೆಲ್ಲ ಇದೇ ಕೆಲಸ.

ಯೋನನ ಮೀನು

ಮೊದಲ ಸಲ ಮಾಡಿಸುವವರು ಇದರಿಂದಲೇ ಶುರು ಮಾಡಿ. ಆರು ವರ್ಷದ ಮೇಲಿನ ಮಕ್ಕಳು ತಾವೇ ಮಾಡುತ್ತಾರೆ. ಒಂದು ಮಗುವಿಗೆ ಸಮುದ್ರಕ್ಕೆ ಒಂದು ಎ4 ಹಾಳೆ, ಮೀನಿಗೂ ಪಟ್ಟಿಗೂ ಸೇರಿ ಒಂದು ದಪ್ಪ ಎ4 ಹಾಳೆ ಬೇಕು.

1. ದಪ್ಪ ಹಾಳೆಯ ಉದ್ದಕ್ಕೆ 4.5 ಸೆಂ.ಮೀ. ಅಗಲದ ಒಂದು ಪಟ್ಟಿ ಕತ್ತರಿಸಿ ಪಕ್ಕಕ್ಕಿಡಿ. ಉದ್ದ 28 ಸೆಂ.ಮೀ. ಇರಲಿ.

2. ಉಳಿದ ಹಾಳೆಯಲ್ಲಿ 18 ಸೆಂ.ಮೀ. ಉದ್ದ, 13 ಸೆಂ.ಮೀ. ಎತ್ತರದ ಮೀನು ಬರೆಯಿರಿ. ಬಾಯಿ ಎಡಕ್ಕೆ, ಬಾಲ ಬಲಕ್ಕೆ. ಡೊಳ್ಳು ಹೊಟ್ಟೆ ಇರಲಿ, ಬಾಲವೂ ಅಗಲವಾಗಿರಲಿ. ಬಾಲದ ಬುಡ ಸಣ್ಣಗಾದರೆ ಪಟ್ಟಿ ಅಲ್ಲಿ ಹೊರಗೆ ಇಣುಕುತ್ತದೆ. ಕತ್ತರಿಸಿ ತೆಗೆಯಿರಿ.

3. ಹೊಟ್ಟೆಯ ನಡುವೆ 5 ಸೆಂ.ಮೀ. ಚೌಕ ಬರೆದು ಮೇಲೆ, ಕೆಳಗೆ, ಬಲಕ್ಕೆ, ಹೀಗೆ ಮೂರು ಕಡೆ ಮಾತ್ರ ಕತ್ತರಿಸಿ. ಎಡಗಡೆಗೆ ಗೀರು ಹಾಕಿ ಮಡಚಿ. ಕಿಟಕಿಯ ಹಾಗೆ ತೆರೆದು ಮುಚ್ಚಬೇಕು. ಈ ಕೆಲಸಕ್ಕೆ ಕಟರ್ ಬೇಕು, ಆದ್ದರಿಂದ ಹಿಂದಿನ ರಾತ್ರಿ ನೀವೇ ಮಾಡಿಟ್ಟುಕೊಳ್ಳಿ. ತರಗತಿಯೊಳಗೆ ಕಟರ್ ತರಲೇಬೇಡಿ.

4. ಮಕ್ಕಳು ಮೀನಿಗೆ ಬಣ್ಣ ಹಾಕಲಿ. ಸಮುದ್ರದ ಹಾಳೆಗೆ ಅಲೆ ಬರೆಯಲಿ.

5. ಈಗ ಅಂಟಿಸುವುದು. ಮೀನಿನ ಬೆನ್ನಿನ ಅಂಚಿಗೆ ಮತ್ತು ಹೊಟ್ಟೆಯ ಕೆಳ ಅಂಚಿಗೆ ಮಾತ್ರ ಅಂಟು. ಬಾಯಿಗೂ ಬಾಲಕ್ಕೂ ಬೇಡ, ನಡುವೆಯಂತೂ ಬೇಡವೇ ಬೇಡ. ಸಮುದ್ರದ ಹಾಳೆಯ ಎಡ ಅಂಚಿನಿಂದ 6 ಸೆಂ.ಮೀ. ಬಿಟ್ಟು ಅಂಟಿಸಿ. ಬಾಯಿಂದ ಬಾಲದವರೆಗೆ ಒಂದು ಸುರಂಗ ಆಯಿತು. ಹತ್ತರಲ್ಲಿ ನಾಲ್ಕು ಮಕ್ಕಳು ಸುತ್ತಲೂ ಅಂಟು ಬಳಿದುಬಿಡುತ್ತಾರೆ, ಆಮೇಲೆ ಪಟ್ಟಿ ಹೋಗುವುದಿಲ್ಲ, ಅಳು ಶುರು. ಅಂಟು ಹಚ್ಚಬೇಕಾದ ಜಾಗಕ್ಕೆ ಮೊದಲೇ ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಟ್ಟರೆ ಈ ರಗಳೆ ಇಲ್ಲ.

6. ಪಟ್ಟಿಯ ಎಡತುದಿಯಲ್ಲಿ ಯೋನನನ್ನು ಬರೆಸಿ, 4 ಸೆಂ.ಮೀ. ಒಳಗೇ ಇರಲಿ. ಬಲತುದಿಯಿಂದ 5 ಸೆಂ.ಮೀ. ಬಿಟ್ಟು, ಎಡಕ್ಕೆ 10 ಸೆಂ.ಮೀ. ಜಾಗದಲ್ಲಿ "ಮೂರು ದಿನ ಮೂರು ರಾತ್ರಿ" ಅಂತ ಬರೆಸಿ. ಯೋನ ಹೊರಗಿದ್ದಾಗ ಈ ಅಕ್ಷರ ಮೀನಿನ ಹಿಂದೆ ಅಡಗಿರುತ್ತದೆ, ಬಾಲದ ಕಡೆಯಿಂದ ಎಳೆದು ಅವನನ್ನು ನುಂಗಿಸಿದಾಗ ಮಾತ್ರ ಹೊರಗೆ ಬರುತ್ತದೆ. ಮಕ್ಕಳಿಗೆ ತುಂಬಾ ಹಿಡಿಸುವುದು ಇದೇ.

7. ಪಟ್ಟಿಯನ್ನು ಬಾಲದ ಕಡೆಯಿಂದ ತೂರಿಸಿ, ಯೋನ ಬಾಯಿಂದ ಹೊರಗೆ ಬರಲಿ. ಬಲತುದಿಗೆ 8 ಸೆಂ.ಮೀ. ಉದ್ದದ ಸಣ್ಣ ರಟ್ಟಿನ ತುಂಡನ್ನು ಅಡ್ಡಲಾಗಿ ಅಂಟಿಸಿ. ಹಿಡಿದು ಎಳೆಯೋಕೂ ಆಯಿತು, ಪಟ್ಟಿ ಬಾಯಿಂದ ಉದುರಿ ಹೋಗದ ಹಾಗೂ ಆಯಿತು.

ಇದನ್ನು ಆಡಿಸುವುದರಲ್ಲೂ ಒಂದು ಕ್ರಮ ಇದೆ. ಪಟ್ಟಿಯನ್ನು ಮಕ್ಕಳ ಕೈಗೆ ಮೊದಲೇ ಕೊಟ್ಟರೆ ನೀವು ಬಾಯಿ ತೆರೆಯುವಷ್ಟರಲ್ಲಿ ಯೋನ ಐವತ್ತು ಸಲ ಒಳಗೆ ಹೋಗಿ ಹೊರಗೆ ಬಂದಿರುತ್ತಾನೆ. ದೇವರು ಅವನನ್ನು ನಿನೆವೆಗೆ ಹೋಗು ಅಂದದ್ದು, ಅವನು ಯೊಪ್ಪದಲ್ಲಿ ತಾರ್ಷೀಷಿನ ಹಡಗು ಹತ್ತಿ ತಪ್ಪಿಸಿಕೊಂಡದ್ದು, ಬಿರುಗಾಳಿ, ಚೀಟು ಹಾಕಿದ್ದು, ಇಷ್ಟನ್ನೂ ಹೇಳಿ. ಸಮುದ್ರಕ್ಕೆ ಎಸೆದರು ಅನ್ನುವಾಗ ಪಟ್ಟಿ ಹಂಚಿ. ನುಂಗಿತು ಅಂದಾಗ ಎಲ್ಲರೂ ಒಟ್ಟಿಗೆ ಎಳೆಯಲಿ. ಕಿಟಕಿ ತೆರೆದರೆ ಒಳಗೆ ಯೋನ ಪ್ರಾರ್ಥನೆ ಮಾಡುತ್ತಿದ್ದಾನೆ, ಅದು ಎರಡನೇ ಅಧ್ಯಾಯ. ಆಮೇಲೆ ತಳ್ಳಿದರೆ ದಡಕ್ಕೆ.

ಮೀನು ಅಂತಲೇ ಹೇಳಿ, ತಿಮಿಂಗಿಲ ಅನ್ನಬೇಡಿ. ಯೋನನ ಪುಸ್ತಕದಲ್ಲಿರುವುದು "ದೊಡ್ಡ ಮೀನು" ಮಾತ್ರ. ಕ್ರಾಫ್ಟ್ ಮಾಡಿಸುವವರಿಗೆ ಈ ಎಚ್ಚರ ಜಾಸ್ತಿ ಬೇಕು ಅನ್ನುವುದು ನನ್ನ ಅಭಿಪ್ರಾಯ, ಯಾಕೆಂದರೆ ಕಿವಿಯಲ್ಲಿ ಕೇಳಿದ್ದು ಮರೆತರೂ ಕೈಯಿಂದ ಕತ್ತರಿಸಿದ್ದು ತಲೆಯಲ್ಲಿ ಕೂತುಬಿಡುತ್ತದೆ. ಏದೆನ್ ತೋಟದ ಹಣ್ಣನ್ನು ಎಲ್ಲರೂ ಕೆಂಪು ಸೇಬು ಮಾಡಿಸುತ್ತಾರೆ, ಆದಿಕಾಂಡದಲ್ಲಿ ಸೇಬು ಅಂತ ಇಲ್ಲ. ಕ್ರಿಸ್ಮಸ್‌ಗೆ ಮೂವರು ಅರಸರನ್ನು ಕತ್ತರಿಸುತ್ತಾರೆ. ಮತ್ತಾಯ ಬರೆದಿರುವುದು ಜ್ಞಾನಿಗಳು ಅಂತ, ಎಷ್ಟು ಜನ ಅಂತ ಹೇಳಿಲ್ಲ, ಮೂರು ಅಂತ ಲೆಕ್ಕ ಸಿಗುವುದು ಕಾಣಿಕೆಗಳದ್ದು. ಮಾಡಿಸುವ ಮುಂಚೆ ಸತ್ಯವೇದ (ಬೈಬಲ್) ತೆಗೆದು ಆ ಅಧ್ಯಾಯವನ್ನು ಒಂದು ಸಲ ಓದಿ. ಐದು ನಿಮಿಷದ ಕೆಲಸ.

ಮರ ಹತ್ತಿ ಇಳಿಯುವ ಜಕ್ಕಾಯ

ಲೂಕ 19ನೇ ಅಧ್ಯಾಯ. ಯೆರಿಕೋ ಊರಿನ ಸುಂಕದವರಲ್ಲಿ ಮುಖ್ಯನಾದ ಜಕ್ಕಾಯ ಗಿಡ್ಡ, ಗುಂಪಿನಲ್ಲಿ ಏನೂ ಕಾಣಿಸದು, ಮರ ಹತ್ತಿದ. ಅದು ನಮ್ಮ ಅತ್ತಿ ಮರದ ಕುಲಕ್ಕೇ ಸೇರಿದ ಒಂದು ಜಾತಿಯ ಅಂಜೂರ. ಅತ್ತಿ ಮರ ನೋಡಿರುವ ಮಕ್ಕಳಿಗೆ ಆ ದಪ್ಪ ಕೊಂಬೆ, ಕಾಂಡಕ್ಕೇ ಅಂಟಿಕೊಂಡ ಕಾಯಿ ನೆನಪಿಸಿ, ಥಟ್ಟನೆ ಕಣ್ಣಿಗೆ ಬರುತ್ತದೆ.

ಈ ಆಟಿಕೆ ಎರಡು ದಾರಗಳನ್ನು ಒಂದಾದ ಮೇಲೊಂದು ಎಳೆದರೆ ಮೇಲೆ ಹತ್ತುತ್ತದೆ, ದಾರ ಸಡಿಲ ಬಿಟ್ಟರೆ ಸರ್ರನೆ ಇಳಿಯುತ್ತದೆ. ಎಂಟು ವರ್ಷದ ಮೇಲಿನವರಿಗೆ ಸರಿ.

1. ಬಿಸ್ಕತ್ತಿನ ಡಬ್ಬಿಯ ರಟ್ಟಿನಲ್ಲಿ 10 ಸೆಂ.ಮೀ. ಎತ್ತರದ ಜಕ್ಕಾಯನನ್ನು ಬರೆದು ಕತ್ತರಿಸಿ. ಕೈ ಎರಡೂ ಮೇಲಕ್ಕೆ ಚಾಚಿರಲಿ.

2. ಜ್ಯೂಸ್ ಕುಡಿಯುವ ಸ್ಟ್ರಾದಿಂದ 3 ಸೆಂ.ಮೀ.ನ ಎರಡು ತುಂಡು. ಸ್ಟ್ರಾ ಇಲ್ಲದಿದ್ದರೆ ಖಾಲಿ ರೀಫಿಲ್ ಮೇಲೆ ಕಾಗದ ಬಿಗಿಯಾಗಿ ಸುತ್ತಿ, ಅಂಚು ಅಂಟಿಸಿ, ರೀಫಿಲ್ ಎಳೆದುಬಿಡಿ. ಕೊಳವೆ ಸಿದ್ಧ.

3. ಗೊಂಬೆಯ ಬೆನ್ನಿಗೆ ಇವೆರಡನ್ನು ಟೇಪ್‌ನಿಂದ ಅಂಟಿಸಿ. ಇಲ್ಲೇ ಎಲ್ಲರೂ ತಪ್ಪುವುದು. ನೆಟ್ಟಗೆ ಅಂಟಿಸಿದರೆ ಗೊಂಬೆ ಹತ್ತುವುದೇ ಇಲ್ಲ. ಮನೆಯ ಮಾಡಿನ ಹಾಗೆ ಓರೆಯಾಗಿರಬೇಕು: ಮೇಲಿನ ತುದಿಗಳ ನಡುವೆ 1 ಸೆಂ.ಮೀ., ಕೆಳಗಿನ ತುದಿಗಳ ನಡುವೆ 3 ಸೆಂ.ಮೀ.

4. ಗೊಂಬೆಯ ಕಾಲಿನ ಹಿಂದೆ ಒಂದು ರೂಪಾಯಿ ನಾಣ್ಯ ಟೇಪ್ ಹಾಕಿ ಅಂಟಿಸಿ. ಭಾರ ಇಲ್ಲದಿದ್ದರೆ ಇಳಿಯುವುದಿಲ್ಲ, ಮೇಲೇ ನೇತಾಡುತ್ತದೆ. (ಸುಂಕದವನ ಕಾಲಿಗೆ ದುಡ್ಡು ಕಟ್ಟಿದ್ದೇಕೆ ಅಂತ ದೊಡ್ಡ ಮಕ್ಕಳು ತಾವೇ ಕೇಳುತ್ತಾರೆ, ನೀವು ಸುಮ್ನೆ ಇರಿ.)

5. ಒಂದೂವರೆ ಮೀಟರ್ ದಾರವನ್ನು ನಡುವೆ ಮಡಚಿ ಕಿಟಕಿಯ ಸರಳಿಗೆ ನೇತುಹಾಕಿ. ಎರಡೂ ತುದಿಗಳನ್ನು ಮೇಲಿಂದ ಕೆಳಕ್ಕೆ ಒಂದೊಂದು ಕೊಳವೆಯಲ್ಲಿ ತೂರಿಸಿ, ತುದಿಗೆ ಗಂಟು ಹಾಕಿ. ನೈಲಾನ್ ದಾರ ಜಾರುತ್ತದೆ, ಹತ್ತಿ ದಾರ ಅಥವಾ ಉಲ್ಲನ್ ಆಗಬಹುದು.

6. ಎರಡು ತುದಿಗಳನ್ನು ಸ್ವಲ್ಪ ಅಗಲಕ್ಕೆ ಹಿಡಿದು ಎಡ, ಬಲ, ಎಡ, ಬಲ ಅಂತ ಎಳೆಯಿರಿ.

7. ಚಾರ್ಟ್ ಪೇಪರ್‌ನಲ್ಲಿ ದೊಡ್ಡ ಮರ ಬರೆದು ಅದೇ ಕಿಟಕಿಗೆ ಅಂಟಿಸಿದರೆ ಇಡೀ ತರಗತಿಗೆ ಒಂದೇ ಮರ ಸಾಕು, ಸರದಿಯ ಮೇಲೆ ಹತ್ತಿಸಲಿ.

ಒಬ್ಬ ಮಗು ಹತ್ತಿಸುವಾಗ ಉಳಿದವರೆಲ್ಲ ಯೇಸುವಿನ ಮಾತು ಹೇಳಲಿ: ಜಕ್ಕಾಯಾ, ಬೇಗ ಇಳಿದು ಬಾ. ಆಗ ಮಾತ್ರ ದಾರ ಬಿಡಬೇಕು. ಕಥೆ ತಿರುಗುವುದು ಹತ್ತಿದ್ದರಲ್ಲಿ ಅಲ್ಲ, ಇಳಿದದ್ದರಲ್ಲಿ. ಇಳಿದ ಮೇಲೆ ತಾನೇ ಅವನು ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿದ್ದರೆ ನಾಲ್ಕರಷ್ಟು ವಾಪಸ್ಸು ಅಂದದ್ದು. ದೊಡ್ಡ ಮಕ್ಕಳಿದ್ದರೆ ಗುಂಡಿಗಳನ್ನೋ ಹುಣಸೆ ಬೀಜಗಳನ್ನೋ ಕೊಟ್ಟು ಆ ನಾಲ್ಕರಷ್ಟನ್ನು ಎಣಿಸಿ ಕೊಡಿಸಿ.

ದಾರದ ಕೆಲಸ ಇರುವುದರಿಂದ ಒಂದು ಎಚ್ಚರಿಕೆ: ಐದು ವರ್ಷದ ಒಳಗಿನವರ ಕೈಗೆ ಇದನ್ನು ಒಂಟಿಯಾಗಿ ಕೊಡಬೇಡಿ, ಕುತ್ತಿಗೆಗೆ ಸುತ್ತಿಕೊಳ್ಳುತ್ತಾರೆ. ನಾಣ್ಯವನ್ನೂ ಬಾಯಿಗೆ ಹಾಕುತ್ತಾರೆ.

ಮೊಳದ ಲೆಕ್ಕದ ಎರಡು ಕಥೆಗಳು

ಮೊಳ ಅನ್ನುವುದು ನಮ್ಮ ಮಕ್ಕಳಿಗೆ ಹೊಸದಲ್ಲ, ಹೂವಿನವರು ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು ಕೊಡುವುದನ್ನು ದಿನಾ ನೋಡುತ್ತಾರೆ. ಕನ್ನಡ ಸತ್ಯವೇದದಲ್ಲೂ ಅಳತೆ ಮೊಳದಲ್ಲೇ ಇದೆ. ಇದನ್ನು ಬಿಡಬೇಡಿ.

ನೋಹನ ನಾವೆ ಅಂದ ಕೂಡಲೇ ಎಲ್ಲರೂ ಬಾಳೆಹಣ್ಣಿನ ಹಾಗೆ ಬಾಗಿದ ದೋಣಿ ಬರೆದು ಮೇಲೆ ಜಿರಾಫೆ ಇಣುಕಿಸುತ್ತಾರೆ. ಆದಿಕಾಂಡ 6ರಲ್ಲಿ ಅದರ ಅಳತೆ ಉದ್ದ 300 ಮೊಳ, ಅಗಲ 50, ಎತ್ತರ 30. ಹತ್ತು ಮೊಳಕ್ಕೆ ಒಂದು ಸೆಂ.ಮೀ. ಅಂತ ಹಿಡಿಯಿರಿ, 30, 5, 3 ಆಯಿತು. ಮಾಡಿ ನೋಡಿದರೆ ಅದು ಉದ್ದನೆಯ ಪೆಟ್ಟಿಗೆ!

1. ಚಾರ್ಟ್ ಪೇಪರ್‌ನಲ್ಲಿ 36 ಸೆಂ.ಮೀ. ಉದ್ದ, 11 ಸೆಂ.ಮೀ. ಅಗಲದ ತುಂಡು ಕತ್ತರಿಸಿ. ಒಂದು ಚಾರ್ಟಿನಲ್ಲಿ ಆರು ಮಕ್ಕಳಿಗೆ ಆರಾಮಾಗಿ ಆಗುತ್ತದೆ.

2. ನಾಲ್ಕೂ ಅಂಚಿನಿಂದ 3 ಸೆಂ.ಮೀ. ಒಳಗೆ ಗೀರು ಹಾಕಿ. ಮೂಲೆಗಳಲ್ಲಿ ನಾಲ್ಕು ಪುಟ್ಟ ಚೌಕ ಬರುತ್ತವೆ.

3. ಪ್ರತಿ ಚೌಕದ ಒಂದು ಬದಿಯನ್ನು ಮಾತ್ರ ಕತ್ತರಿಸಿ. ಚೌಕವನ್ನೇ ಕತ್ತರಿಸಿ ಎಸೆದರೆ ಅಂಟಿಸೋಕೆ ಜಾಗ ಉಳಿಯುವುದಿಲ್ಲ.

4. ಗೋಡೆಗಳನ್ನು ಎತ್ತಿ, ಚೌಕಗಳನ್ನು ಒಳಗೆ ಮಡಚಿ ಅಂಟಿಸಿ. ಉದ್ದದ ಗೋಡೆಯಲ್ಲಿ ಒಂದು ಬಾಗಿಲು ಸೀಳಿ, ಬಾಗಿಲು ಪಕ್ಕದಲ್ಲಿತ್ತು ಅಂತ ಅಲ್ಲೇ ಬರೆದಿದೆ.

ಮುಚ್ಚಳ ಬೇಕಾದರೆ 30ಕ್ಕೆ 5 ಸೆಂ.ಮೀ.ನ ತುಂಡು ಇಟ್ಟರೆ ಆಯಿತು. ಪ್ರಾಣಿಗಳನ್ನು ಬರೆಸಲು ಹೋಗಬೇಡಿ, ಹೊತ್ತೆಲ್ಲ ಅದಕ್ಕೇ ಹೋಗುತ್ತದೆ. ಹಳೆ ಪತ್ರಿಕೆಯಿಂದ ಕತ್ತರಿಸಲಿ. ಕಾಗೆ ಒಂದು, ಪಾರಿವಾಳ ಒಂದು ಮಾತ್ರ ಇರಲೇಬೇಕು, ಮೊದಲು ಹೊರಗೆ ಬಿಟ್ಟದ್ದು ಕಾಗೆಯನ್ನು.

ಎರಡನೆಯದು ದಾವೀದ ಕವಣೆ ಕಲ್ಲಿನಿಂದ ಕೆಡವಿದ ದೈತ್ಯ ಗೊಲ್ಯಾತ. ಇದು ಕ್ರಾಫ್ಟ್ ಅನ್ನುವುದಕ್ಕಿಂತ ಗಲಾಟೆ, ಆದರೆ ಮಕ್ಕಳು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ. 1 ಸಮುವೇಲ 17ರ ಪ್ರಕಾರ ಅವನ ಎತ್ತರ ಆರು ಮೊಳ ಒಂದು ಗೇಣು. ಮೊಳಕ್ಕೆ 45 ಸೆಂ.ಮೀ. ಅಂತ ಹಿಡಿದರೆ ಸುಮಾರು ಒಂಬತ್ತೂವರೆ ಅಡಿ. ಆರೇಳು ನ್ಯೂಸ್‌ಪೇಪರ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ, ಗೋಡೆಗೆ ನಿಲ್ಲಿಸಿ, ದೊಡ್ಡವರೊಬ್ಬರ ಕೈಯಿಂದ ಮೊಳ ಹಾಕಿಸಿ ಗುರುತು ಮಾಡಿ. ತಲೆ ಹೋಗಿ ತಾರಸಿಗೆ ತಾಗುವ ಹಾಗಿರುತ್ತದೆ. ಮಕ್ಕಳು ಒಬ್ಬೊಬ್ಬರೇ ಪಕ್ಕದಲ್ಲಿ ನಿಂತು ತಮ್ಮ ತಲೆಯ ಗುರುತು ಹಾಕಿ ಹೆಸರು ಬರೆಯಲಿ. ಐದು ಕಾಗದದ ಉಂಡೆ ಮಾಡಿ, ಹಳ್ಳದಿಂದ ಆರಿಸಿದ ಐದು ನುಣುಪು ಕಲ್ಲು. ಎಸೆಯುವುದು ಒಂದೇ, ದಾವೀದನಿಗೆ ಒಂದೇ ಸಾಕಾಯಿತು. ಕವಣೆಗೆ ರಬ್ಬರ್ ಬ್ಯಾಂಡ್ ಮಾತ್ರ ಕೊಡಬೇಡಿ, ಕಣ್ಣಿಗೆ ಹೊಡೆದುಕೊಳ್ಳುತ್ತಾರೆ.

ತರಗತಿಯಲ್ಲಿ ಮುಗ್ಗರಿಸುವ ಜಾಗಗಳು

ಒಂದು ಮಾದರಿಯನ್ನು ಹಿಂದಿನ ದಿನ ನೀವೇ ಪೂರ್ತಿ ಮಾಡಿ ನೋಡಿ, ಗಡಿಯಾರ ಇಟ್ಟುಕೊಂಡು. ನಿಮಗೆ ಹತ್ತು ನಿಮಿಷ ಹಿಡಿದರೆ ಮಕ್ಕಳಿಗೆ ಅರ್ಧ ಗಂಟೆ ಅಂತ ಇಟ್ಟುಕೊಳ್ಳಿ. ಅಷ್ಟು ಹೊತ್ತು ಇಲ್ಲದಿದ್ದರೆ ಕತ್ತರಿಸುವ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಬನ್ನಿ, ಬಣ್ಣ ಮತ್ತು ಅಂಟು ಮಕ್ಕಳಿಗೆ ಬಿಡಿ.

ಹೆಸರು ಬರೆಸುವುದು ಮೊದಲ ಕೆಲಸ, ಕೊನೆಯದಲ್ಲ. ಹಾಳೆ ಕೈಗೆ ಸಿಕ್ಕ ತಕ್ಷಣ ಹಿಂದುಗಡೆ ಪೆನ್ಸಿಲ್‌ನಲ್ಲಿ ಹೆಸರು. ಇಪ್ಪತ್ತು ಒಂದೇ ಥರದ ಮೀನುಗಳ ನಡುವೆ "ನಂದು ಇದಲ್ಲ" ಅನ್ನುವ ಜಗಳ ಬಿಡಿಸಿದವರಿಗೆ ಇದರ ಬೆಲೆ ಗೊತ್ತು.

ಮಕ್ಕಳ ಕೆಲಸವನ್ನು ತಿದ್ದಲು ಹೋಗಬೇಡಿ. ಮೀನಿಗೆ ಕಾಲು ಬಂದಿದ್ದರೆ ಬರಲಿ ಬಿಡಿ. ಪಟ್ಟಿ ಸರಿದರೆ ಸಾಕು. ಟೀಚರ್ ಕೈಯಿಟ್ಟು ಚಂದ ಮಾಡಿಕೊಟ್ಟ ಕ್ರಾಫ್ಟ್ ಅಪ್ಪ ಅಮ್ಮನಿಗೆ ಖುಷಿ ಕೊಡುತ್ತದೆ, ಮಗುವಿಗೆ ಅದು ತನ್ನದು ಅನ್ನಿಸುವುದಿಲ್ಲ. ಓದಲು ಬಾರದ ಚಿಕ್ಕವರಿದ್ದರೆ "ಮೂರು ದಿನ ಮೂರು ರಾತ್ರಿ" ಅನ್ನುವ ಕಡೆ ಮೂರು ಸೂರ್ಯ, ಮೂರು ಚಂದ್ರ ಬರೆಸಿ.

ಮನೆಗೆ ಕಳಿಸುವ ಮುಂಚೆ ಐದು ನಿಮಿಷ ಉಳಿಸಿಕೊಂಡು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರು ಆಟಿಕೆ ಆಡಿಸುತ್ತಾ ಇನ್ನೊಬ್ಬರಿಗೆ ಕಥೆ ಹೇಳಲಿ, ಆಮೇಲೆ ಅದಲು ಬದಲು. ಎಲ್ಲಿ ತಡವರಿಸುತ್ತಾರೋ ಅದನ್ನು ಗುರುತು ಮಾಡಿಕೊಳ್ಳಿ. ಮುಂದಿನ ಭಾನುವಾರ ಅಲ್ಲಿಂದ ಶುರು ಮಾಡಿದರಾಯಿತು. ಮೀನು ಮರೆತು ಬರುವ ಮಕ್ಕಳು ಇದ್ದೇ ಇರುತ್ತಾರೆ, ನಾಲ್ಕೈದು ಜಾಸ್ತಿ ಮೀನು ಕತ್ತರಿಸಿ ಚೀಲದಲ್ಲಿ ಇಟ್ಟುಕೊಳ್ಳಿ.